ಲೋಹದ ಕಸುಬೂ ರಕ್ತದ ಕೊಬ್ಬೂ

ಲೋಹದ ಧೂಳಿನ ನಡುವೆ ದುಡಿಯುವ ಮನುಷ್ಯನ ರಕ್ತದಲ್ಲಿ ಕೊಬ್ಬಿನ ಗತಿ ಏನಾಗುತ್ತದೆಂಬ ಜಿಜ್ಞಾಸೆಯ ಆರಂಭದ ದಿನಗಳಲ್ಲಿ ಭಯಕ್ಕಿಂತ ಆಸೆಯ ಪಾಲೇ ದೊಡ್ಡದಾಗಿದ್ದಿತೆಂದರೆ ಇಂದಿನ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ರಷ್ಯದ ನಿಕೊಲಾಯ್ ಅನಿಚ್‌ಕೋವರು 1913ರಲ್ಲಿ ಮೊಲಗಳಿಗೆ ಕೊಲೆಸ್ಟರಾಲನ್ನು ಉಣಿಸಿ ಅವುಗಳ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದ್ದರು; ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ನಿವಾಸಿಗಳ ಹೃದಯಾರೋಗ್ಯವನ್ನು ವರ್ಷಾನುವರ್ಷ ಹಿಂಬಾಲಿಸಿ ನೋಡುವ ಸಮೀಕ್ಷೆ 1948ರಲ್ಲಿ ಪ್ರಾರಂಭವಾಗಿದ್ದಿತು. ಕೊಲೆಸ್ಟರಾಲಿನ ಮೇಲಣ ಸಂಶಯ ಹೀಗೆ ಬಲಿಯುತ್ತಿದ್ದ ಕಾಲದಲ್ಲಿ, ವೆನೇಡಿಯಮ್ ಲೋಹದ ಲವಣಗಳು ಪ್ರಾಣಿಗಳ ಯಕೃತ್ತಿನಲ್ಲಿ ಕೊಲೆಸ್ಟರಾಲಿನ ಉತ್ಪತ್ತಿಯನ್ನು ತಡೆಯುತ್ತವೆಂಬ ಸುದ್ದಿ ಪ್ರಯೋಗಶಾಲೆಗಳಿಂದ ಹೊರಬಿದ್ದಿತು. ಅದರ ಬೆನ್ನಿಗೇ 1959ರಲ್ಲಿ, ವೆನೇಡಿಯಮ್ ಅದುರನ್ನು ಸಂಸ್ಕರಿಸುವ ಅಮೆರಿಕದ ಕೆಲಸಗಾರರ ರಕ್ತದಲ್ಲಿ ಕೊಲೆಸ್ಟರಾಲು ಇತರರಿಗಿಂತ ಸ್ವಲ್ಪ ಕಡಿಮೆಯಿದ್ದಂತೆ ಕಾಣುತ್ತದೆಂಬ ವರದಿಯೂ ಪ್ರಕಟವಾಯಿತು. ಕೆಮ್ಮಿ ಕೆಮ್ಮಿ ಸೋತ, ನಾಲಗೆ ಹಸುರುಬಣ್ಣಕ್ಕೆ ತಿರುಗಿದ ಆ ಕೆಲಸಗಾರರಲ್ಲಿ ಹೃದ್ರೋಗದ ಔಷಧವನ್ನು ಅರಸಿದವರ ಉತ್ಸಾಹ ಬಹುಕಾಲ ನಿಲ್ಲಲಿಲ್ಲ. ಲೋಹಕ್ಕೂ ಮೇದಸ್ಸಿಗೂ ನಂಟುಂಟೆಂಬ ಸಂಗತಿ ಮಾತ್ರ ಶಾಸ್ತ್ರಜ್ಞರ ಮನಸ್ಸಿನಲ್ಲಿ ಉಳಿಯಿತು. ಮುಂದಿನ ದಶಕಗಳಲ್ಲಿ ಆ ನಂಟು ಬಹುಮಟ್ಟಿಗೆ ಕೆಡುಕಿನದೇ ಎಂಬ ಅನುಮಾನ ಬೆಳೆಯುತ್ತ ಬಂದಿತು. ಆ ಅನುಮಾನಕ್ಕೆ ಎಷ್ಟರಮಟ್ಟಿಗೆ ಆಧಾರವಿದೆ, ಎಲ್ಲಿ ಅದು ಆಧಾರವನ್ನು ಮೀರಿ ಮುಂದೆ ಹೋಗಿದೆ ಎಂಬುದನ್ನು ಪರ್ಯಾಲೋಚಿಸುವುದು ಈ ಲೇಖನದ ಉದ್ದೇಶ.

ಕೊಬ್ಬು ನೀರಿನಲ್ಲಿ ಕರಗದ ವಸ್ತು. ರಕ್ತವಾದರೋ ಬಹುಪಾಲು ನೀರು. ಆದುದರಿಂದ ಮೇದಸ್ಸು ಪ್ರೋಟೀನಿನ ಹೊದಿಕೆಯೊಳಗೆ ಸೂಕ್ಷ್ಮ ಕಣಗಳಾಗಿ ಸೇರಿ ದೇಹದಲ್ಲಿ ಸಂಚರಿಸುತ್ತದೆ. ಈ ಕಣಗಳಲ್ಲಿ ಸಾಂದ್ರತೆ ಕಡಿಮೆಯಾದ ಎಲ್‌ಡಿಎಲ್ ಎಂಬುದು ಕೊಲೆಸ್ಟರಾಲನ್ನು ಅಂಗಾಂಗಗಳಿಗೆ ಹಂಚುತ್ತ ಹೋಗುವಾಗ ರಕ್ತನಾಳದ ಗೋಡೆಯೊಳಕ್ಕೂ ನುಸುಳಿ ನೆಲೆಸಬಲ್ಲುದು. ಸಾಂದ್ರತೆ ಹೆಚ್ಚಾದ ಎಚ್‌ಡಿಎಲ್ ಎಂಬುದು ಮಿಕ್ಕುದನ್ನು ಯಕೃತ್ತಿಗೆ ಮರಳಿ ತರುತ್ತದೆ. ಜನಸಾಮಾನ್ಯರು ಮೊದಲನೆಯದನ್ನು ಕೆಟ್ಟ ಕೊಬ್ಬೆಂದೂ ಎರಡನೆಯದನ್ನು ಒಳ್ಳೆಯ ಕೊಬ್ಬೆಂದೂ ಕರೆಯುವುದು ಇದರಿಂದಲೇ. ಇವೆರಡಲ್ಲದೆ ಊಟದಿಂದಲೂ ಯಕೃತ್ತಿನಿಂದಲೂ ಬರುವ ಟ್ರೈಗ್ಲಿಸರೈಡ್ ಎಂಬ ಮೂರನೆಯ ಬಾಬು ಉಂಟು. ಲ್ಯಾಬಿನವರು ಲಿಪಿಡ್ ಪ್ರೊಫೈಲ್ ಎಂದು ಕೊಡುವ ಚೀಟಿಯಲ್ಲಿ ಇರುವುದು ಈ ಅಂಕಿಗಳೇ. ಅವು ಕೊಬ್ಬಿನ ಪ್ರಮಾಣವನ್ನು ಹೇಳುತ್ತವೆಯೇ ಹೊರತು ಅದರ ಸ್ಥಿತಿಯನ್ನು ಹೇಳುವುದಿಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದರ ಪ್ರಯೋಜನವಿದೆ.

ಕಸುಬಿನ ಲೋಹಗಳಲ್ಲಿ ನಮಗೆ ಹೆಚ್ಚು ತಿಳಿದಿರುವುದು ಸೀಸ. ಇಟಲಿಯ ಮೊದೆನಾದ ಬೆರ್ನಾರ್ದಿನೊ ರಮಾತ್ಸೀನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಬರೆದ ಗ್ರಂಥದಲ್ಲಿಯೇ, ಮಡಕೆಗಳಿಗೆ ಹೊಳಪು ಕೊಡಲು ಸೀಸವನ್ನು ಅರೆಯುವ ಕುಂಬಾರರ ಕೈ ನಡುಗಿ, ಕ್ರಮೇಣ ಸ್ವಾಧೀನ ತಪ್ಪುವುದನ್ನು ವರ್ಣಿಸಿದ್ದಾನೆ. ಪ್ಯಾರಿಸಿನ ತಾಂಕರೆಲ್ ದೆ ಪ್ಲಾಂಶ್ 1839ರಲ್ಲಿ ಸೀಸರೋಗಗಳ ಮೇಲೆ ಬೃಹದ್ಗ್ರಂಥವನ್ನೇ ರಚಿಸಿದ. ಮರುವರ್ಷ ಲಂಡನಿನ ಹೆನ್ರಿ ಬರ್ಟನ್ ಒಸಡಿನ ಅಂಚಿನಲ್ಲಿ ಮೂಡುವ ನೀಲಿಗಪ್ಪು ಗೀಟನ್ನು ಗುರುತಿಸಿ ವೈದ್ಯರ ಕೈಗೆ ಸುಲಭವಾದ ಲಕ್ಷಣವೊಂದನ್ನು ಒದಗಿಸಿದ. ಬ್ರಿಟನ್ನಿನಲ್ಲಿ 1898ರಲ್ಲಿ ಕಾರ್ಖಾನೆಗಳ ಪ್ರಥಮ ವೈದ್ಯಕೀಯ ನಿರೀಕ್ಷಕನಾಗಿ ನೇಮಕಗೊಂಡ ಥಾಮಸ್ ಲೆಗ್, ಬಣ್ಣಗಳಲ್ಲಿ ಬಿಳಿಸೀಸದ ಬಳಕೆಯನ್ನು ನಿರ್ಬಂಧಿಸುವ 1921ರ ಅಂತಾರಾಷ್ಟ್ರೀಯ ಒಪ್ಪಂದವನ್ನು ತನ್ನ ಸರಕಾರ ಅಂಗೀಕರಿಸದೆ ಹೋದಾಗ 1926ರಲ್ಲಿ ಹುದ್ದೆಯನ್ನೇ ತ್ಯಜಿಸಿದ. ಅಮೆರಿಕದಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1910ರಿಂದ ಇಲಿನಾಯ್ ಸಂಸ್ಥಾನದ ಸೀಸದ ಕಾರ್ಖಾನೆಗಳನ್ನು ಒಂದೊಂದಾಗಿ ಹೊಕ್ಕು, ಕೆಲಸಗಾರರ ಮನೆಗಳಿಗೂ ಹೋಗಿ ವಿಚಾರಿಸಿ, ಮಾಲೀಕರು ಇಲ್ಲವೆಂದ ರೋಗವನ್ನು ಉಂಟೆಂದು ಸ್ಥಾಪಿಸಿದಳು. ಇವರೆಲ್ಲರ ಗಮನ ಹರಿದದ್ದು ಹೊಟ್ಟೆಶೂಲೆ, ರಕ್ತಹೀನತೆ, ಜೋಲುಬಿದ್ದ ಮಣಿಕಟ್ಟು, ಸೆಳವು, ಬುದ್ಧಿವಿಭ್ರಮೆಗಳತ್ತ. ಕಣ್ಣೆದುರಿಗೇ ಕೈ ಜೋತು ಬೀಳುತ್ತಿರುವಾಗ ರಕ್ತನಾಳದ ಒಳಗೋಡೆಯನ್ನು ಯೋಚಿಸುವಷ್ಟು ವ್ಯವಧಾನ ಆಗಿನ ವೈದ್ಯನಿಗೆ ಇರಲಿಲ್ಲ. ಕೊಬ್ಬನ್ನು ಅಳೆಯುವ ಸುಲಭ ಸಾಧನವೂ ಇರಲಿಲ್ಲ.

ಇಂದು ನಮ್ಮ ದೇಶದಲ್ಲಿ ಸೀಸ ಮನುಷ್ಯನ ಮೈಸೇರುವ ಮುಖ್ಯ ಸ್ಥಳಗಳಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆಯುವ ಶೆಡ್ಡು ಒಂದು. ಲಾರಿ, ಆಟೋ, ಮನೆಯ ಯುಪಿಎಸ್‌ಗಳಿಂದ ಸತ್ತ ಬ್ಯಾಟರಿಗಳು ಗುಜರಿಯವರ ಮೂಲಕ ಅಲ್ಲಿಗೆ ಬಂದು ಬೀಳುತ್ತವೆ. ಒಬ್ಬನು ಕೊಡಲಿಯಿಂದಲೋ ಮಚ್ಚಿನಿಂದಲೋ ಮೇಲಿನ ಮುಚ್ಚಳವನ್ನು ಹಾರಿಸುತ್ತಾನೆ. ಆಸಿಡ್ಡನ್ನು ನೆಲಕ್ಕೆ ಬಗ್ಗಿಸುತ್ತಾನೆ. ಬೂದುಬಣ್ಣದ ಪ್ಲೇಟುಗಳನ್ನು ಕೈಯಿಂದ ಕಿತ್ತು ಗುಡ್ಡೆ ಹಾಕುತ್ತಾನೆ. ಪ್ಲೇಟಿನ ಜಾಲಂದರದಲ್ಲಿ ಮೆತ್ತಿರುವ ಸೀಸದ ಆಕ್ಸೈಡು ಮತ್ತು ಸಲ್ಫೇಟುಗಳು ಒಣಗಿದೊಡನೆ ಹಿಟ್ಟಾಗಿ ಉದುರುತ್ತವೆ. ಆ ಹಿಟ್ಟು ಅವನ ಅಂಗಿಯ ಮಡಿಕೆ, ಉಗುರಿನ ಸಂದು, ಮೀಸೆಯ ಕೂದಲುಗಳಲ್ಲಿ ಕುಳಿತುಕೊಳ್ಳುತ್ತದೆ. ಇನ್ನೊಬ್ಬನು ಪ್ಲೇಟುಗಳನ್ನು ಇದ್ದಲಿನೊಡನೆ ಕುಲುಮೆಗೆ ತುಂಬಿ, ಕರಗಿದ ಸೀಸವನ್ನು ಅಚ್ಚಿಗೆ ಹೊಯ್ದು, ಮೇಲೆ ತೇಲುವ ಕಿಟ್ಟವನ್ನು ಸೌಟಿನಿಂದ ಬಳಿದು ಚೆಲ್ಲುತ್ತಾನೆ. ಆಗ ಏಳುವ ಹೊಗೆ ನೇರವಾಗಿ ಅವನ ಮುಖಕ್ಕೇ ಬಡಿಯುತ್ತದೆ. ನಡುವೆ ಬೀಡಿ ಸೇದಲು ಕೂತಾಗ ಅದೇ ಬೆರಳುಗಳು ತುಟಿಗೆ ತಾಗುತ್ತವೆ. ತುಂಬಿದ ಹೊಟ್ಟೆಯಲ್ಲಿರುವ ವಯಸ್ಕನ ಕರುಳು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಮಾತ್ರ ಹೀರುತ್ತದೆ. ಬರಿಹೊಟ್ಟೆಯಲ್ಲಿಯಾದರೆ ಅರ್ಧಕ್ಕೂ ಮೀರಿ ಹೀರಬಲ್ಲುದು. ಬೆಳಗಿನ ತಿಂಡಿಯಿಲ್ಲದೆ ಬರಿಯ ಚಹಾ ಕುಡಿದು ಕೆಲಸಕ್ಕೆ ಇಳಿಯುವ ಕೂಲಿಯವನಿಗೆ ಈ ಸಂಗತಿಯನ್ನು ಯಾರೂ ಹೇಳಿರುವುದಿಲ್ಲ.

ಒಳಸೇರಿದ ಸೀಸ ರಕ್ತದಲ್ಲಿ ಬಹುಪಾಲು ಕೆಂಪು ಕಣಗಳಿಗೆ ಅಂಟಿಕೊಂಡಿದ್ದು, ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದುದೆಲ್ಲ ಹೊರಗೆ ಹೋಗುವುದಿಲ್ಲ. ಸುಣ್ಣದ ವೇಷದಲ್ಲಿ ಅದು ಮೂಳೆಯನ್ನು ಹೊಕ್ಕು ದಶಕಗಟ್ಟಲೆ ಅಲ್ಲಿಯೇ ತಂಗಿ, ಸ್ವಲ್ಪಸ್ವಲ್ಪವಾಗಿ ಮತ್ತೆ ರಕ್ತಕ್ಕೆ ಜಿನುಗುತ್ತದೆ. ವಯಸ್ಕನ ದೇಹದ ಒಟ್ಟು ಸೀಸದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಇರುವುದು ಮೂಳೆಯಲ್ಲಿ. ಆದುದರಿಂದ ಇಂದಿನ ರಕ್ತದಲ್ಲಿ ಸೀಸ ಕಡಿಮೆಯಿದೆಯೆಂದ ಮಾತ್ರಕ್ಕೆ, ಕಳೆದ 20 ವರ್ಷಗಳ ಲೆಕ್ಕ ತೀರಿತೆಂದು ತಿಳಿಯಲಾಗದು.

ಸೀಸವು ಕೊಬ್ಬಿನ ವ್ಯವಹಾರದಲ್ಲಿ ಕೈಹಾಕುವುದು ಹೇಗೆ? ಪ್ರಯೋಗಶಾಲೆಯ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. ಇಲಿಗಳಿಗೆ ಸೀಸದ ನೈಟ್ರೇಟನ್ನು ಚುಚ್ಚಿದರೆ ಅವುಗಳ ರಕ್ತದ ಕೊಲೆಸ್ಟರಾಲು ಏರುತ್ತದೆ. ಜಪಾನಿನ ಸಂಶೋಧಕರು ಇದರ ಬೆನ್ನುಹತ್ತಿ ನೋಡಿದಾಗ, ಯಕೃತ್ತಿನಲ್ಲಿ ಕೊಲೆಸ್ಟರಾಲನ್ನು ಕಟ್ಟುವ ಕಿಣ್ವಗಳು ಹೆಚ್ಚಿ, ಅದನ್ನು ಪಿತ್ತಾಮ್ಲವಾಗಿ ಪರಿವರ್ತಿಸಿ ವಿಸರ್ಜಿಸುವ ಕಿಣ್ವ ತಗ್ಗುವುದು ಕಂಡುಬಂದಿತು; ಆಯ ಹೆಚ್ಚಿ ವ್ಯಯ ಕುಗ್ಗಿದ ಮೇಲೆ ಶಿಲ್ಕು ಬೆಳೆಯುವುದು ಸಹಜ. ಹೀಗೆ ಹೆಚ್ಚುವ ಕಿಣ್ವಗಳಲ್ಲಿ ಒಂದು, ಇಂದು ಕೋಟ್ಯಂತರ ಜನ ನುಂಗುತ್ತಿರುವ ಸ್ಟ್ಯಾಟಿನ್ ಮಾತ್ರೆಗಳು ತಡೆಯಲು ಹೊರಟಿರುವ ಕಿಣ್ವವೇ ಎಂಬುದು ಗಮನಾರ್ಹ. ಎರಡನೆಯ ಮಾರ್ಗ ಉತ್ಕರ್ಷಣದ್ದು. ಸೀಸ, ಪಾದರಸ, ಕ್ಯಾಡ್ಮಿಯಮ್ ಮೂರೂ ಗಂಧಕವುಳ್ಳ ಅಣುಗಳಿಗೆ ಹಿಡಿದು ಅಂಟುವ ಸ್ವಭಾವದವು. ಶರೀರದ ರಕ್ಷಕ ಕಿಣ್ವಗಳು ಅನೇಕವು ಇಂಥ ಗಂಧಕದ ಕೊಂಡಿಗಳಿಂದಲೇ ಕೆಲಸ ಮಾಡುವುದರಿಂದ ಅವು ನಿಷ್ಕ್ರಿಯವಾಗಿ, ಎಲ್‌ಡಿಎಲ್ ಕಣದ ಕೊಬ್ಬು ಆಮ್ಲಜನಕದ ಹೊಡೆತಕ್ಕೆ ಸಿಕ್ಕುತ್ತದೆ. ಹಾಗೆ ಕೆಟ್ಟ ಎಲ್‌ಡಿಎಲ್ಲನ್ನು ನುಂಗಿ ನುಂಗಿ ಉಬ್ಬಿದ ಜೀವಕೋಶಗಳೇ ರಕ್ತನಾಳದ ಗೋಡೆಯ ಗಂಟಿಗೆ ಬುನಾದಿ.

ಪ್ರಯೋಗಶಾಲೆಯ ಇಲಿಯಿಂದ ಕಾರ್ಖಾನೆಯ ಮನುಷ್ಯನ ಕಡೆಗೆ ತಿರುಗಿದೊಡನೆ ಚಿತ್ರ ಮಸುಕಾಗುತ್ತದೆ. 1999ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದನ್ನು ಉದಾಹರಣೆಗೆ ನೋಡಬಹುದು. ಚಿಕ್ಕದಾದರೂ ಎಚ್ಚರಿಕೆಯಿಂದ ಮಾಡಿದ ಕೆಲಸ ಅದು. ಸೀಸಕ್ಕೆ ಒಡ್ಡಿಕೊಂಡಿದ್ದ 56 ಪುರುಷ ಕೆಲಸಗಾರರನ್ನು, ಸೀಸದ ಸೋಂಕಿಲ್ಲದ ಇತರ 87 ಮಂದಿಯೊಡನೆ ಹೋಲಿಸಿದರು. ಮೊದಲನೆಯವರ ರಕ್ತದ ಒಂದು ಡೆಸಿಲೀಟರಿನಲ್ಲಿ ಸರಾಸರಿ 42.3 ಮೈಕ್ರೊಗ್ರಾಂ ಸೀಸವಿದ್ದಿತು, ಎರಡನೆಯವರಲ್ಲಿ 2.7. ಒಟ್ಟು ಕೊಲೆಸ್ಟರಾಲು ಮೊದಲನೆಯವರಲ್ಲಿ 212 ಮಿಲಿಗ್ರಾಂ, ಎರಡನೆಯವರಲ್ಲಿ 200. ಇಲ್ಲಿಯವರೆಗೆ ನಿರೀಕ್ಷೆಯಂತೆಯೇ ಆಯಿತು. ಆದರೆ ಏರಿದ್ದ ಪಾಲು ಎಲ್ಲಿಯದೆಂದು ನೋಡಿದರೆ, ಒಳ್ಳೆಯದೆನಿಸಿಕೊಂಡ ಎಚ್‌ಡಿಎಲ್ ಸಹ ಸೀಸದವರಲ್ಲಿಯೇ ಹೆಚ್ಚು: 42ಕ್ಕೆ ಪ್ರತಿಯಾಗಿ 47. ಎಲ್‌ಡಿಎಲ್ಲಿನಲ್ಲಾಗಲಿ ಟ್ರೈಗ್ಲಿಸರೈಡಿನಲ್ಲಾಗಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಕಾಗದದ ಮೇಲಿನ ಅಂಕಿಯನ್ನಷ್ಟೇ ನಂಬುವವನು ಸೀಸ ಹೃದಯಕ್ಕೆ ಹಿತಕರವೆಂದು ವಾದಿಸಿದರೂ ಉತ್ತರ ಹೇಳುವುದು ಕಷ್ಟ! ಅತ್ತ ನೈಜೀರಿಯದ ಅಬೆಓಕೂಟ ನಗರದ ಕುಶಲಕರ್ಮಿಗಳಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಟ್ಟು ಕೊಲೆಸ್ಟರಾಲೂ ಎಲ್‌ಡಿಎಲ್ಲೂ ಹೋಲಿಕೆಯ ಗುಂಪಿಗಿಂತ ಬಹಳವಾಗಿ ಮೇಲಿದ್ದವು. ಬೇರೆ ಕೆಲವು ಕಡೆ ಟ್ರೈಗ್ಲಿಸರೈಡು ಏರಿದೆ, ಇನ್ನು ಕೆಲವು ಕಡೆ ಎಚ್‌ಡಿಎಲ್ ಇಳಿದಿದೆ, ಮತ್ತೂ ಕೆಲವು ಕಡೆ ಏನೊಂದೂ ಕಂಡಿಲ್ಲ.

ಈ ವೈರುಧ್ಯಕ್ಕೆ ಕಾರಣಗಳು ಹಲವು. ಅವನ್ನು ಬಿಡಿಸಿ ನೋಡುವುದರಲ್ಲಿಯೇ ಈ ವಿಷಯದ ಸ್ವಾರಸ್ಯವಿದೆಯೆಂದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ಯಾರನ್ನು ಯಾರೊಡನೆ ಹೋಲಿಸುತ್ತೇವೆಂಬ ಪ್ರಶ್ನೆ. ಕುಲುಮೆಯ ಮುಂದೆ ದಿನವಿಡೀ ಗುದ್ದಲಿ ಎತ್ತಿ ಇಳಿಸುವವನನ್ನು ಅದೇ ಕಾರ್ಖಾನೆಯ ಆಫೀಸಿನಲ್ಲಿ ಕುರ್ಚಿಗೆ ಅಂಟಿ ಕೂತ ಗುಮಾಸ್ತನೊಡನೆ ಹೋಲಿಸಿದರೆ, ಮೈದಣಿವಿನ ದುಡಿಮೆಯಿಂದಲೇ ಮೊದಲನೆಯವನ ಎಚ್‌ಡಿಎಲ್ ಏರಿ, ಸೀಸ ಮಾಡಿದ ಹಾನಿಯನ್ನು ಮುಚ್ಚಿಹಾಕಬಹುದು. ಮದ್ಯವೂ ಎಚ್‌ಡಿಎಲ್ಲನ್ನು ಏರಿಸುತ್ತದೆ. ತಂಬಾಕು ಇಳಿಸುತ್ತದೆ, ಅಷ್ಟೇ ಅಲ್ಲ, ತಂಬಾಕಿನ ಹೊಗೆ ತಾನೇ ಕ್ಯಾಡ್ಮಿಯಮ್ಮನ್ನೂ ಅಲ್ಪಸ್ವಲ್ಪ ಸೀಸವನ್ನೂ ಹೊತ್ತು ತರುತ್ತದೆ. ರಾತ್ರಿ ಪಾಳಿ, ನಿದ್ರಾಭಂಗ, ಕ್ಯಾಂಟೀನಿನ ಕರಿದ ತಿಂಡಿ ಇವೆಲ್ಲ ಲೋಹದ ಧೂಳಿನೊಡನೆ ಕೈಕೈಹಿಡಿದು ಬರುವಂಥವು. ಎರಡನೆಯದು, ಆರೋಗ್ಯವಂತರೇ ಕೆಲಸದಲ್ಲಿ ಉಳಿಯುತ್ತಾರೆಂಬ ಸಂಗತಿ. ಕಠಿನವಾದ ಕಸುಬುಗಳಲ್ಲಿ ದುರ್ಬಲರಾದವರು ಬಿಟ್ಟುಹೋಗುತ್ತಾರೆಂದೂ, ಆದುದರಿಂದ ಉಳಿದವರ ಮರಣಸಂಖ್ಯೆ ಆ ಕಸುಬಿನ ಅಪಾಯವನ್ನು ಸರಿಯಾಗಿ ತೋರಿಸದೆಂದೂ ಇಂಗ್ಲೆಂಡಿನ ವಿಲಿಯಮ್ ಓಗ್ಲ್ 1885ರಲ್ಲಿಯೇ ಎಚ್ಚರಿಸಿದ್ದನು. ಸೀಸದಿಂದ ಎದೆನೋವು ಬಂದವನು, ಸಕ್ಕರೆರೋಗ ಹಿಡಿದವನು, ಕೈಸೋತವನು ಈ ಮೊದಲೇ ಊರಿಗೆ ಹೋಗಿರುತ್ತಾನೆ. ರಕ್ತ ಕೊಡಲು ಸಾಲಿನಲ್ಲಿ ನಿಂತವರು ಅವನ ಗಟ್ಟಿಮುಟ್ಟಾದ ಜೊತೆಗಾರರು.

ಮೂರನೆಯ ತೊಡಕು ಅಳತೆಯದು. ಟ್ರೈಗ್ಲಿಸರೈಡು ಊಟದೊಡನೆ ಏರಿಳಿಯುತ್ತದೆ. ಎಷ್ಟೋ ಲ್ಯಾಬುಗಳಲ್ಲಿ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯದೆ, ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ಲನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆದು ಲೆಕ್ಕ ಹಾಕುವ 1972ರ ಫ್ರೀಡ್‌ವಾಲ್ಡ್ ಸೂತ್ರವೇ ರೂಢಿಯಲ್ಲಿದೆ. ಟ್ರೈಗ್ಲಿಸರೈಡು 400ನ್ನು ದಾಟಿತೆಂದರೆ ಆ ಸೂತ್ರ ಕೈಕೊಡುತ್ತದೆ. ಪಾಳಿ ಮುಗಿಸಿ ಬಂದವನು ಟೀ ಬನ್ನು ತಿಂದು ರಕ್ತ ಕೊಟ್ಟಿದ್ದರೆ, ಅವನ ಅಂಕಿಯಲ್ಲಿ ಕಾಣುವುದು ಸೀಸವೋ ಬನ್ನೋ ಎಂದು ಹೇಳುವವರಾರು? ಇದರ ಮೇಲೆ ನಮ್ಮ ದೇಶದ ಸ್ಥಿತಿ ಇನ್ನೊಂದು ಬಗೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆಯ ಅಂಗವಾಗಿ 2014ರಲ್ಲಿ ಪ್ರಕಟವಾದ ವರದಿಯಲ್ಲಿ, ಪರೀಕ್ಷಿಸಲ್ಪಟ್ಟವರಲ್ಲಿ ಶೇಕಡಾ 72.3 ಮಂದಿಗೆ ಎಚ್‌ಡಿಎಲ್ ಕಡಿಮೆಯಿದ್ದಿತು. ಟ್ರೈಗ್ಲಿಸರೈಡು ಏರಿದ್ದವರು ಶೇಕಡಾ 29.5; ಒಟ್ಟು ಕೊಲೆಸ್ಟರಾಲು ಏರಿದ್ದವರು ಕೇವಲ 13.9. ಮುಕ್ಕಾಲುಪಾಲು ಜನರ ಎಚ್‌ಡಿಎಲ್ ಮೊದಲೇ ತಳಮುಟ್ಟಿರುವ ನಾಡಿನಲ್ಲಿ ಲೋಹದಿಂದ ಅದು ಇನ್ನೆರಡು ಮಿಲಿಗ್ರಾಂ ಕುಸಿದರೆ ಕಾಣುವುದು ಕಷ್ಟ. ಕೊಲೆಸ್ಟರಾಲು ಸಹಜವಾಗಿ ಏರಿರುವ ದೇಶಗಳ ಅಧ್ಯಯನಗಳನ್ನು ತಂದು ಇಲ್ಲಿಗೆ ಹೊಂದಿಸುವುದೂ ಅಷ್ಟೇ ಅವಿವೇಕ. ಇದಲ್ಲದೆ ಸೀಸ ಮೂತ್ರಪಿಂಡವನ್ನು ಕೆಡಿಸುತ್ತದೆ, ಮೂತ್ರಪಿಂಡ ಕೆಟ್ಟರೆ ರಕ್ತದ ಕೊಬ್ಬು ತಾನಾಗಿ ಏರುಪೇರಾಗುತ್ತದೆ. ಆಗ ಸೀಸವನ್ನು ಕಾರಣವೆನ್ನಬೇಕೋ ಕಾರಣದ ಕಾರಣವೆನ್ನಬೇಕೋ ಎಂಬ ತರ್ಕವೂ ಬಾಕಿಯಿರುತ್ತದೆ.

ಇಷ್ಟು ತೊಡಕುಗಳ ನಡುವೆ ಬೆಳಕು ಬಿದ್ದಿರುವುದು ಪ್ರಮಾಣದ ಮೇಲಲ್ಲ, ಗುಣದ ಮೇಲೆ. ಎಚ್‌ಡಿಎಲ್ ಕಣದ ಮೇಲೆ ಪ್ಯಾರಾಕ್ಸೊನೇಸ್ ಎಂಬ ಕಿಣ್ವವೊಂದು ಕುಳಿತಿರುತ್ತದೆ. ಎಲ್‌ಡಿಎಲ್ಲಿನ ಕೊಬ್ಬು ಉತ್ಕರ್ಷಣಕ್ಕೆ ಸಿಕ್ಕಿ ಕೆಡದಂತೆ ನೋಡಿಕೊಳ್ಳುವುದು ಅದರ ಮುಖ್ಯ ಕಾರ್ಯಗಳಲ್ಲೊಂದು. ಸುಣ್ಣದ ಅಂಶವಿಲ್ಲದೆ ಅದು ಕೆಲಸ ಮಾಡದು. ಸುಣ್ಣದ ಸ್ಥಾನವನ್ನು ಕದಿಯುವುದಾದರೋ ಸೀಸದ ಹುಟ್ಟುಗುಣ. ತೈವಾನಿನ ಸೀಸದ ಕೆಲಸಗಾರರನ್ನು ಕುರಿತ 2006ರ ಅಧ್ಯಯನದಲ್ಲಿ, ರಕ್ತದ ಸೀಸ ಏರಿದಂತೆಲ್ಲ ಈ ಕಿಣ್ವದ ಚಟುವಟಿಕೆ ಇಳಿದಿರುವುದು ವ್ಯಕ್ತವಾಯಿತು. ಇಸ್ರೇಲಿನ ಆ 47ರ ಅಂಕಿಯನ್ನು ಈ ಬೆಳಕಿನಲ್ಲಿ ಮತ್ತೆ ಓದಬಹುದು: ಎಚ್‌ಡಿಎಲ್ ಹೆಚ್ಚಿದ್ದರೂ ಅದು ತನ್ನ ಕರ್ತವ್ಯವನ್ನು ಮಾಡುತ್ತಿದ್ದಿತೆಂಬುದಕ್ಕೆ ಆ ಅಂಕಿ ಸಾಕ್ಷಿಯಲ್ಲ. ಕಮಟು ಹಿಡಿದ ತುಪ್ಪವನ್ನು ತಕ್ಕಡಿಯಲ್ಲಿಟ್ಟರೆ ಹೊಸ ತುಪ್ಪದಷ್ಟೇ ತೂಗುತ್ತದೆ. ನಮ್ಮ ಲಿಪಿಡ್ ಪ್ರೊಫೈಲ್ ತಕ್ಕಡಿಯೇ ಹೊರತು ಮೂಗಲ್ಲ. ಲೋಹಗಳ ವಿಷಯದಲ್ಲಿ ವೈದ್ಯಶಾಸ್ತ್ರ ಇದುವರೆಗೆ ಕಲೆಹಾಕಿರುವ ಪರಸ್ಪರ ವಿರುದ್ಧವಾದ ಅಂಕಿಗಳಿಗೆ ಮುಖ್ಯ ಕಾರಣ, ಕೊಬ್ಬು ಎಷ್ಟಿದೆಯೆಂದು ಕೇಳಿ, ಹೇಗಿದೆಯೆಂದು ಕೇಳದಿದ್ದುದು ಎಂದು ನನಗೆ ತೋರುತ್ತದೆ.

ಇತರ ಲೋಹಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಕ್ಯಾಡ್ಮಿಯಮ್ಮಿನ ಔದ್ಯೋಗಿಕ ಅಪಾಯವನ್ನು ಪ್ರಸಿದ್ಧಿಗೆ ತಂದದ್ದು ಸ್ವೀಡನ್ನಿನ ಲಾರ್ಸ್ ಫ್ರೀಬರ್ಗ್ 1950ರಲ್ಲಿ ಬ್ಯಾಟರಿ ಕಾರ್ಖಾನೆಯೊಂದರ ಕೆಲಸಗಾರರ ಮೇಲೆ ಪ್ರಕಟಿಸಿದ ಅಧ್ಯಯನ. ಅವನ ಕಣ್ಣಿಗೆ ಬಿದ್ದದ್ದು ಶ್ವಾಸಕೋಶ ಮತ್ತು ಮೂತ್ರಪಿಂಡಗಳ ಹಾನಿ. ಕೊರಿಯದ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳಲ್ಲಿ ರಕ್ತದ ಕ್ಯಾಡ್ಮಿಯಮ್ ಏರಿದವರಿಗೆ ಎಚ್‌ಡಿಎಲ್ ಕಡಿಮೆಯಿರುವುದು ಕಂಡಿದೆ; ಆದರೆ ಸಿಗರೇಟಿನ ನೆರಳನ್ನು ಕ್ಯಾಡ್ಮಿಯಮ್ಮಿನಿಂದ ಪೂರ್ತಿಯಾಗಿ ಬೇರ್ಪಡಿಸುವುದು ಯಾವ ಗಣಿತಕ್ಕೂ ಸುಲಭವಲ್ಲ. ಪಾದರಸದ ವಿಷಯದಲ್ಲಿ ಹೆಸರಾದದ್ದು ಪೂರ್ವ ಫಿನ್‌ಲೆಂಡಿನ ಪುರುಷರ ಮೇಲೆ 1995ರಲ್ಲಿ ಪ್ರಕಟವಾದ ಕೆಲಸ: ಕೂದಲಿನಲ್ಲಿ ಪಾದರಸ ಹೆಚ್ಚಿದ್ದವರಿಗೆ ಹೃದಯಾಘಾತವೂ, ರಕ್ತದಲ್ಲಿ ಕೊಬ್ಬು ಕೆಡುವ ಲಕ್ಷಣಗಳೂ ಹೆಚ್ಚು. ಅವರಿಗೆ ಪಾದರಸ ಬಂದದ್ದು ಮೀನಿನಿಂದ, ಕಸುಬಿನಿಂದಲ್ಲ. ಸ್ಲೊವೇನಿಯದ ಇದ್ರಿಯ ಗಣಿಯಲ್ಲಿ ಹಿಂದೆ ಪಾದರಸ ತೆಗೆಯುತ್ತಿದ್ದವರನ್ನೂ ಇದೇ ದೃಷ್ಟಿಯಿಂದ ಪರೀಕ್ಷಿಸಿದ್ದಾರೆ.

ಸತುವು ಮತ್ತು ತಾಮ್ರಗಳದು ಬೇರೆಯೇ ಬಗೆ. ಅವು ದೇಹಕ್ಕೆ ಬೇಕಾದ ಲೋಹಗಳು, ಮಿತಿಮೀರಿದರೆ ಮಾತ್ರ ಕಾಟ. ದಿನಕ್ಕೆ 440 ಮಿಲಿಗ್ರಾಂ ಸತುವಿನ ಸಲ್ಫೇಟನ್ನು ಐದು ವಾರ ನುಂಗಿದ ಆರೋಗ್ಯವಂತರ ಎಚ್‌ಡಿಎಲ್ ಸುಮಾರು ಕಾಲುಭಾಗ ಇಳಿದುದನ್ನು 1980ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಸತುವು ಹೆಚ್ಚಾಗಿ ತಾಮ್ರ ಕೊರೆಯಾದರೆ ಕೊಲೆಸ್ಟರಾಲು ಏರುತ್ತದೆಂಬ ಲೆಸ್ಲಿ ಕ್ಲೀವೆಯ ವಾದವೂ ಹೆಚ್ಚು ಕಡಮೆ ಆ ಕಾಲದ್ದೇ. ನುಂಗಿದ ಸತುವಿನ ಫಲವನ್ನು ಉಸಿರಾಡಿದ ಸತುವಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಆದರೂ ಗ್ಯಾಲ್ವನೈಸಿಂಗ್ ಮಾಡುವಲ್ಲಿ, ಹಿತ್ತಾಳೆ ಎರಕ ಹೊಯ್ಯುವಲ್ಲಿ, ಸತುವೇ ಪ್ರಧಾನವಾದ ಮಿಶ್ರಲೋಹವನ್ನು ಕರಗಿಸುವ ಬೀದರಿನ ಬಿದರಿ ಕುಶಲಕರ್ಮಿಗಳಲ್ಲಿ ಈ ದೃಷ್ಟಿಯಿಂದ ರಕ್ತವನ್ನು ಪರೀಕ್ಷಿಸುವುದು ವ್ಯರ್ಥಶ್ರಮವಾಗಲಾರದು.

ವೆಲ್ಡಿಂಗ್ ಕೆಲಸದಲ್ಲಿ ಲೋಹಗಳು ಒಂಟಿಯಾಗಿ ಬರುವುದೇ ಇಲ್ಲ. ಕಬ್ಬಿಣ, ಮ್ಯಾಂಗನೀಸ್, ಸ್ಟೇನ್‌ಲೆಸ್ ಉಕ್ಕಾದರೆ ಕ್ರೋಮಿಯಮ್ ಮತ್ತು ನಿಕ್ಕಲ್, ಎಲ್ಲವೂ ಒಂದೇ ಹೊಗೆಯಲ್ಲಿ ಕಲೆತಿರುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಬಾಯ್ಲರ್ ಕೆಲಸಗಾರರಿಗೆ ವೆಲ್ಡಿಂಗ್ ಕಲಿಸುವ ಶಾಲೆಯೊಂದರಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ವಿಶೇಷವಾಗಿ ಹಿಡಿಸಿದೆ. ಅಲ್ಲಿ ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸುವ ಬದಲು ಅದೇ ಮನುಷ್ಯನ ರಕ್ತವನ್ನು ಹೊಗೆಯ ಮುಂಚೆ ಮತ್ತು ಹೊಗೆಯ ತರುವಾಯ ನೋಡಿದರು. ಎಚ್‌ಡಿಎಲ್ ಸ್ವಲ್ಪ ಇಳಿದಿದ್ದಿತು. ಕುಡಿತ, ಊಟ, ವಂಶ, ವಯಸ್ಸುಗಳ ಬಹುಪಾಲು ತಕರಾರುಗಳು ಇಂಥ ವಿಧಾನದಲ್ಲಿ ತಾವಾಗಿಯೇ ಅಡಗುತ್ತವೆ. ಚೀನದಲ್ಲಿ ಗನ್ಸು ಪ್ರಾಂತದ ಜಿನ್‌ಚಾಂಗಿನ ನಿಕ್ಕಲ್ ಉದ್ಯಮದ ನೌಕರರನ್ನೂ, ಗುವಾಂಗ್ಷಿಯ ಫೆರೊಮ್ಯಾಂಗನೀಸ್ ಕಾರ್ಖಾನೆಯ ಕೆಲಸಗಾರರನ್ನೂ 2011ರಿಂದ ಹಿಡಿದು ದೀರ್ಘಕಾಲ ಹಿಂಬಾಲಿಸುವ ಯೋಜನೆಗಳಿವೆ. ಒಂದೊಂದು ಲೋಹದ ಬಿಡಿ ಲೆಕ್ಕಕ್ಕಿಂತ ಬೆರಕೆಯ ಲೆಕ್ಕವೇ ಸತ್ಯಕ್ಕೆ ಹತ್ತಿರವೆಂಬುದನ್ನು ಇಂಥ ಯೋಜನೆಗಳಿಂದ ಬರುತ್ತಿರುವ ಪ್ರಬಂಧಗಳು ಒಪ್ಪಿಕೊಂಡಿವೆ.

ಕೊಬ್ಬಿನ ಸಾಕ್ಷ್ಯ ಹೀಗೆ ಓಲಾಡುತ್ತಿದ್ದರೂ ಹೃದಯದ ಸಾಕ್ಷ್ಯ ಅಷ್ಟಾಗಿ ಓಲಾಡುವುದಿಲ್ಲ. ಸೀಸವು ರಕ್ತದೊತ್ತಡವನ್ನು ಏರಿಸುತ್ತದೆಂಬುದು ಬಹುಮಟ್ಟಿಗೆ ನಿಷ್ಕರ್ಷೆಯಾದ ವಿಷಯ. ನಮ್ಮ ಉತ್ತರ ಕರ್ನಾಟಕದ ಮೋಟಾರು ಗ್ಯಾರೇಜುಗಳ ಕೆಲಸಗಾರರ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನವೂ ರಕ್ತದೊತ್ತಡ ಹಾಗೂ ರಕ್ತೋತ್ಪತ್ತಿಯ ಮೇಲೆ ಸೀಸದ ಪ್ರಭಾವವನ್ನೇ ವಿಚಾರಿಸಿದ್ದಿತು. ಅಮೆರಿಕದ 14,289 ವಯಸ್ಕರನ್ನು ಅನೇಕ ವರ್ಷ ಹಿಂಬಾಲಿಸಿದ ಆಧಾರದ ಮೇಲೆ, ಆ ದೇಶದಲ್ಲಿ ವರ್ಷಕ್ಕೆ ಸುಮಾರು 2,56,000 ಹೃದ್ರೋಗ ಮರಣಗಳ ಹಿಂದೆ ಸೀಸದ ಪಾತ್ರವಿದೆಯೆಂದು 2018ರಲ್ಲಿ ಅಂದಾಜು ಮಾಡಿದರು. 2023ರಲ್ಲಿ ಅಮೆರಿಕದ ಹೃದಯ ಸಂಘವು ಸೀಸ, ಕ್ಯಾಡ್ಮಿಯಮ್, ಆರ್ಸೆನಿಕ್‌ಗಳನ್ನು ಹೃದ್ರೋಗದ ಕಾರಣಗಳ ಪಂಕ್ತಿಯಲ್ಲಿ ಕೂರಿಸಿತು. ಲೋಹವನ್ನು ದೇಹದಿಂದ ಸೆಳೆದುಹಾಕಿದರೆ ಹೃದಯ ಉಳಿಯುತ್ತದೆಯೇ ಎಂಬ ಪರೀಕ್ಷೆಯೂ ನಡೆಯಿತು: 1,708 ಹೃದಯಾಘಾತಪೀಡಿತರಲ್ಲಿ ಇಡಿಟಿಎ ಎಂಬ ಔಷಧವನ್ನು ನರಕ್ಕೆ ಹಾಯಿಸಿದ ಪ್ರಯೋಗ 2013ರಲ್ಲಿ ಕೊಂಚ ಲಾಭವನ್ನು ತೋರಿತು, ಮಧುಮೇಹಿಗಳಲ್ಲಿ ಅದನ್ನೇ ಮತ್ತೆ ಮಾಡಿದಾಗ, 2024ರ ವರದಿಯಂತೆ, ರಕ್ತದ ಸೀಸ ಅರ್ಧಕ್ಕಿಂತ ಕೆಳಗಿಳಿದರೂ ಹೃದಯಕ್ಕೆ ಯಾವ ಲಾಭವೂ ಆಗಲಿಲ್ಲ. ಒಳಹೊಕ್ಕ ಲೋಹವನ್ನು ಕೊನೆಗಾಲದಲ್ಲಿ ಹೊರಹಾಕುವೆವೆಂಬ ಭರವಸೆಯ ಮೇಲೆ ಒಳಹೋಗಲು ಬಿಡುವುದು ಎಷ್ಟು ಅಪಾಯಕರವೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಕಾನೂನಿನ ಕಡೆ ನೋಡಿದರೆ, ನಮ್ಮ 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ, ವೈದ್ಯರು ಸರಕಾರಕ್ಕೆ ತಿಳಿಸಲೇಬೇಕಾಗಿದ್ದ ರೋಗಗಳ ಪಟ್ಟಿಯ ಮೊತ್ತಮೊದಲ ಹೆಸರೇ ಸೀಸವಿಷವಾಗಿದ್ದಿತು. ಅದೇ ಕಾಯಿದೆಯ ಎರಡನೆಯ ಅನುಸೂಚಿ ಕೆಲಸದ ಜಾಗದ ಒಂದು ಘನ ಮೀಟರ್ ಗಾಳಿಯಲ್ಲಿ 0.15 ಮಿಲಿಗ್ರಾಂ ಸೀಸವನ್ನು ಸಹಿಸಿತು. ಅಮೆರಿಕ 1978ರಲ್ಲಿಯೇ ಅದರ ಮೂರನೆಯ ಒಂದು ಪಾಲಿಗೆ, ಎಂದರೆ 0.05ಕ್ಕೆ ಇಳಿಸಿದ್ದಿತು; ಯೂರೋಪಿನ ಒಕ್ಕೂಟ 2024ರಲ್ಲಿ 0.03ಕ್ಕೆ ಇಳಿಸಿ, ಕೆಲಸಗಾರನ ರಕ್ತದ ಮಿತಿಯನ್ನು 70 ಮೈಕ್ರೊಗ್ರಾಮಿನಿಂದ 15ಕ್ಕೆ ತಂದಿತು. ಇಸ್ರೇಲಿನ ಆ 56 ಮಂದಿಯ ಸರಾಸರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತುಪ್ಪಿಲ್ ವೆಂಕಟೇಶರ ನೇತೃತ್ವದಲ್ಲಿ ಬೆಳೆದ ಸೀಸವಿಷದ ರಾಷ್ಟ್ರೀಯ ಕೇಂದ್ರವೂ, ಇದೇ ನಗರದಲ್ಲಿರುವ ವೈದ್ಯಕೀಯ ಸಂಶೋಧನಾ ಮಂಡಳಿಯ ಔದ್ಯೋಗಿಕ ಆರೋಗ್ಯ ಕೇಂದ್ರವೂ ಸೀಸವನ್ನು ಅಳೆಯುವ ವಿದ್ಯೆಯನ್ನು ನಮ್ಮ ಬಾಗಿಲಿಗೆ ತಂದಿವೆ. ವಿದ್ಯುತ್ತಿನ ಯಂತ್ರವಿದ್ದರೆ ಹತ್ತು ಮಂದಿ, ಇಲ್ಲದಿದ್ದರೆ ಇಪ್ಪತ್ತು ಮಂದಿ ದುಡಿಯುವ ಸ್ಥಳಕ್ಕೆ ಮಾತ್ರ ಕಾರ್ಖಾನೆಯೆಂಬ ಹೆಸರನ್ನು 1948ರ ಕಾಯಿದೆ ಕೊಟ್ಟಿದ್ದರಿಂದ, ನಾಲ್ಕು ಮಂದಿ ಬ್ಯಾಟರಿ ಒಡೆಯುವ ಶೆಡ್ಡಿಗೆ ಈ ವಿದ್ಯೆಯ ಪ್ರಯೋಜನ ಮುಟ್ಟುವುದು ಅಪೂರ್ವ.

ಮುಟ್ಟಿದ ಕಡೆಯಲ್ಲಿಯಾದರೂ ಮಾಡಬಹುದಾದ ಸರಳ ಕೆಲಸವೊಂದಿದೆ. ಲೋಹದ ಕಾರ್ಖಾನೆಗಳ ವೈದ್ಯರು ಸೀಸಕ್ಕಾಗಿ ತೆಗೆದ ರಕ್ತದ ಜೊತೆಗೇ, ಬೆಳಗಿನ ಬರಿಹೊಟ್ಟೆಯಲ್ಲಿ, ಕೊಬ್ಬಿನ ಪರೀಕ್ಷೆಯನ್ನೂ ಮಾಡಿಸಿ, ಬೀಡಿ, ಕುಡಿತ, ಪಾಳಿ, ರಕ್ತದೊತ್ತಡಗಳನ್ನು ಒಂದೇ ಪುಸ್ತಕದ ಒಂದೇ ಸಾಲಿನಲ್ಲಿ ಬರೆದು, ಅದೇ ಮನುಷ್ಯನ ಪುಟವನ್ನು ವರ್ಷವರ್ಷವೂ ಮುಂದುವರಿಸಿದರೆ, ಹತ್ತು ವರ್ಷಗಳಲ್ಲಿ ಈ ದೇಶದ್ದೇ ಆದ ಉತ್ತರ ದೊರೆಯುತ್ತದೆ. ಆ ಉತ್ತರ ಬರುವ ತನಕ, ಸೀಸವೂ ಕೊಬ್ಬೂ ಎರಡೂ ಏರಿದ ಕೆಲಸಗಾರನಿಗೆ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟು, ಎಣ್ಣೆ ಕಡಿಮೆ ಮಾಡಪ್ಪ ಎಂದು ಉಪದೇಶಿಸಿ, ಮರುದಿನ ಅದೇ ಕುಲುಮೆಯ ಮುಂದೆ ನಿಲ್ಲಿಸುವ ಪದ್ಧತಿಯನ್ನಾದರೂ ಕೈಬಿಡಬೇಕು. ಅಮೆರಿಕದ 1978ರ ನಿಯಮದಂತೆ, ರಕ್ತದ ಸೀಸ 60 ಮೈಕ್ರೊಗ್ರಾಂ ಮುಟ್ಟಿದವನನ್ನು ಸೀಸದ ಕೆಲಸದಿಂದ ಬಿಡಿಸಿ, ಅದು 40ರ ಕೆಳಗೆ ಇಳಿಯುವ ತನಕ ಬೇರೆ ಕೆಲಸದಲ್ಲಿಡಬೇಕು. ಅವನ ಸಂಬಳಕ್ಕೆ 18 ತಿಂಗಳವರೆಗೆ ಕತ್ತರಿ ಹಾಕುವಂತಿಲ್ಲ. ಆ 60 ಇಂದಿನ ಜ್ಞಾನಕ್ಕೆ ತೀರ ಹೆಚ್ಚಿನ ಅಂಕಿ. ಅದನ್ನು ತಗ್ಗಿಸಿ, ಸಂಬಳದ ರಕ್ಷಣೆಯನ್ನು ಇದ್ದಂತೆಯೇ ಇರಿಸಿ, ನಮ್ಮ ನಿಯಮಗಳಲ್ಲಿ ಸೇರಿಸುವುದು ಸರಕಾರದಿಂದ ಆಗಬೇಕಾದ ಕೆಲಸ.